ಕೋರ್ಸ್‌ಗೆ ಸಹಿ ಹಾಕುವ ಮುಂಚೆ ರಾತ್ರಿಯ ಫೋನ್ ನಿಲ್ಲಿಸಿ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನದು ಧಾರವಾಡದ ಹತ್ತಿರದ ಹಳ್ಳಿ. ಪುಣೆಯ ವಾಕಡ್‌ನಲ್ಲಿ ಮನೆ, ಹಿಂಜವಡಿ ಫೇಸ್ 3ರಲ್ಲಿ ಕೆಲಸ. ಒಂಬತ್ತು ವರ್ಷದಿಂದ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೇನೆ, ಅಂದರೆ ಓಡುತ್ತಿರುವ ಸಾಫ್ಟ್‌ವೇರ್ ನಿಲ್ಲದಂತೆ ನೋಡಿಕೊಳ್ಳುವ ಕೆಲಸ. ಅಮೆರಿಕದ ಕ್ಲೈಂಟ್, ಮಧ್ಯಾಹ್ನ 2ರಿಂದ ರಾತ್ರಿ 11ರ ಶಿಫ್ಟ್. ಮೂರು ವಾರಕ್ಕೊಮ್ಮೆ ರಾತ್ರಿ ಆನ್‌ಕಾಲ್ ಬರುತ್ತದೆ, ಅಂದರೆ ಏನಾದರೂ ಕೆಟ್ಟರೆ ಯಾವ ಹೊತ್ತಿಗೂ ಫೋನ್ ಬರುತ್ತದೆ, ಎದ್ದು ಸರಿಮಾಡಬೇಕು. ಆ ವಾರ ನಿದ್ದೆಯೇ ಇರುವುದಿಲ್ಲ. ಈಗ ಟೀಮ್‌ನಲ್ಲಿ ಎಲ್ಲರೂ ಎಐ ಬಂತು, ಸಪೋರ್ಟ್ ಕೆಲಸ ಹೋಯಿತು ಅನ್ನುತ್ತಿದ್ದಾರೆ. ಎರಡೂವರೆ ಲಕ್ಷದ ಒಂದು ಎಐ ಕೋರ್ಸ್ ಇದೆ. ಫೀ ಕಂಪನಿಯೇ ಕಟ್ಟುತ್ತದೆ, ಆದರೆ ಎರಡು ವರ್ಷದ ಬಾಂಡ್ ಬರೆದುಕೊಡಬೇಕು. ಇತ್ತ ಮ್ಯಾನೇಜರ್ ಟೀಮ್ ಲೀಡ್ ಆಗು ಅನ್ನುತ್ತಿದ್ದಾರೆ. ಊರಲ್ಲಿ ಅಪ್ಪ, ಅವ್ವ ಇಬ್ಬರೇ. ಹುಬ್ಬಳ್ಳಿ ಕಡೆ ಹೋಗೋಣ ಅನ್ನುತ್ತಾಳೆ ಹೆಂಡತಿ. ಕೋರ್ಸ್, ಲೀಡ್, ಊರು, ಇದರಲ್ಲಿ ಯಾವುದನ್ನು ಮೊದಲು ಹಿಡಿಯಲಿ?

ಉತ್ತರ: ನಮಸ್ಕಾರ. ಮೂರನ್ನೂ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಲ್ಲ, ಆ ಆನ್‌ಕಾಲ್ ವಾರ, ಅದನ್ನು ಮೊದಲು ಹಿಡಿಯಿರಿ.

ಯಾಕೆ ಅಂದರೆ, ನಿದ್ದೆಗೆಟ್ಟ ತಲೆಗೆ ಹೊಸದೇನೂ ಹತ್ತುವುದಿಲ್ಲ. ಎರಡೂವರೆ ಲಕ್ಷದ ಕೋರ್ಸ್ ಆದರೂ ಅಷ್ಟೇ, ಬಿಟ್ಟಿ ಸಿಕ್ಕರೂ ಅಷ್ಟೇ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ರಾತ್ರಿ ನಿಮ್ಮನ್ನು ಎಬ್ಬಿಸುವ ಆ ಅಲರ್ಟ್‌ಗಳೇ ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಪಾಠ. ನಿಜವಾದ ಸಿಸ್ಟಮ್ ನಿಜವಾಗಿ ಎಲ್ಲಿ ಮುರಿಯುತ್ತದೆ ಅಂತ ಅವು ತೋರಿಸುತ್ತವೆ. ಒಂಬತ್ತು ವರ್ಷದಿಂದ ಆ ಪಾಠ ನಿಮ್ಮ ಕಣ್ಣೆದುರೇ ಇದೆ. ನಡುರಾತ್ರಿ ಎದ್ದವರಿಗೆ ಅದನ್ನು ಓದಲು ಆಗುವುದಿಲ್ಲ ಅಷ್ಟೇ. ಬೇಗ ಮುಗಿಸಿ ಮಲಗಿದರೆ ಸಾಕು ಅನ್ನಿಸುತ್ತದೆ, ಸಹಜ.

ಒಂದು ಅಲರ್ಟನ್ನು ಹತ್ತಿರದಿಂದ ನೋಡೋಣ. ಸಪೋರ್ಟ್‌ನಲ್ಲಿರುವ ಯಾರಿಗೂ ಇದು ಹೊಸದಲ್ಲ. ರಾತ್ರಿ ಎರಡು ಗಂಟೆ. "ಡಿಸ್ಕ್ 95 ಪರ್ಸೆಂಟ್" ಅಂತ ಫೋನ್ ಹೊಡೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ತೆಗೆದು ವಿಪಿಎನ್ ಹಾಕುತ್ತೀರಿ. ಇಡೀ ಡಿಸ್ಕ್‌ನ ಲೆಕ್ಕ ಕೊಡುವ ಡಿಎಫ್ (df) ಕಮಾಂಡ್ ಕೊಟ್ಟರೆ ಡಿಸ್ಕ್ ತುಂಬಿದೆ ಅನ್ನುತ್ತದೆ. ಡಿಯು (du) ಕಮಾಂಡ್ ಕೊಟ್ಟು ಫೋಲ್ಡರ್‌ಗಳ ಲೆಕ್ಕ ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ಎರಡೂ ಒಂದೇ ಡಿಸ್ಕ್ ನೋಡುತ್ತಿವೆ, ಲೆಕ್ಕ ಮಾತ್ರ ತಾಳೆಯಾಗುತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರು ಯೋಚಿಸುತ್ತಾರೆ? ರನ್‌ಬುಕ್‌ನಲ್ಲಿ, ಅಂದರೆ ಯಾವ ಅಲರ್ಟ್‌ಗೆ ಏನು ಮಾಡಬೇಕು ಅಂತ ಬರೆದಿಟ್ಟ ಪಟ್ಟಿಯಲ್ಲಿ, "ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿ" ಅಂತ ಇದೆ. ಮಾಡುತ್ತೀರಿ. ಜಾಗ ಖಾಲಿಯಾಗುತ್ತದೆ. ಟಿಕೆಟ್ ಕ್ಲೋಸ್. ಎಸ್‌ಎಲ್‌ಎ, ಅಂದರೆ ಇಷ್ಟು ಹೊತ್ತಿನಲ್ಲಿ ಸರಿಮಾಡುತ್ತೇವೆ ಅಂತ ಕ್ಲೈಂಟ್‌ಗೆ ಕೊಟ್ಟ ಮಾತಿನ ಲೆಕ್ಕ, ಹಸಿರು. ಹತ್ತು ದಿನ ಬಿಟ್ಟು ಮತ್ತೆ ಅದೇ ಫೋನ್.

ಒಳಗೆ ಆಗಿದ್ದು ಇಷ್ಟು. ಅಪ್ಲಿಕೇಶನ್ ತಾನು ಮಾಡಿದ್ದನ್ನೆಲ್ಲ ದಾಖಲಿಸುವ ಒಂದು ಲಾಗ್ ಫೈಲನ್ನು ತೆರೆದಿಟ್ಟುಕೊಂಡು ಬರೆಯುತ್ತಲೇ ಇದೆ. ಯಾರೋ ಹಿಂದೆ ಹಾಕಿಟ್ಟ ಕ್ರಾನ್ ಜಾಬ್, ಅಂದರೆ ಗೊತ್ತುಮಾಡಿದ ಹೊತ್ತಿಗೆ ತಾನೇ ಓಡುವ ಕಮಾಂಡ್, ಒಂದು ರಾತ್ರಿ ಆ ಫೈಲನ್ನು ಅಳಿಸುತ್ತದೆ. ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೆ ಮೊದಲು ಹೋಗುವುದು ಹೆಸರು ಮಾತ್ರ. ಯಾವುದಾದರೂ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಅದನ್ನು ಇನ್ನೂ ತೆರೆದಿಟ್ಟುಕೊಂಡಿದ್ದರೆ ಜಾಗ ಬಿಡುಗಡೆಯಾಗುವುದಿಲ್ಲ. ಅಪ್ಲಿಕೇಶನ್ ಹೆಸರಿಲ್ಲದ ಆ ಫೈಲಿಗೆ ಬರೆಯುತ್ತಲೇ ಹೋಗುತ್ತದೆ. ಡಿಯು ಹೆಸರು ಹಿಡಿದು ಎಣಿಸುತ್ತದೆ, ಅದಕ್ಕೆ ಈ ಫೈಲ್ ಕಾಣುವುದಿಲ್ಲ. ಡಿಎಫ್ ಡಿಸ್ಕ್‌ನಲ್ಲಿ ತುಂಬಿದ ಜಾಗದ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು ಎಣಿಸುತ್ತದೆ, ಅದಕ್ಕೆ ಕಾಣುತ್ತದೆ. ಎಲ್‌ಎಸ್‌ಒಎಫ್ ಕಮಾಂಡ್‌ಗೆ ಪ್ಲಸ್ ಎಲ್ 1 ಅಂತ ಕೊಟ್ಟು (lsof +L1) ನೋಡಿ. ಅಳಿಸಿಯೂ ತೆರೆದಿರುವ ಫೈಲ್‌ಗಳೆಲ್ಲ ಸಾಲಾಗಿ ಬರುತ್ತವೆ, ಯಾವ ಪ್ರೋಸೆಸ್ ಹಿಡಿದುಕೊಂಡಿದೆ ಅನ್ನುವುದೂ ಸಿಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಆ ಹಿಡಿತ ಬಿಟ್ಟುಹೋಗುತ್ತದೆ, ಜಾಗ ಸಿಗುತ್ತದೆ. ರೋಗ ಹಾಗೇ ಇರುತ್ತದೆ.

ಸರಿಯಾದ ದುರಸ್ತಿಗೆ ಒಂದು ಮಧ್ಯಾಹ್ನ ಸಾಕು. ಆ ಕ್ರಾನ್ ಜಾಬ್ ತೆಗೆದು, ಹಳೆಯ ಲಾಗನ್ನು ಪಕ್ಕಕ್ಕಿಟ್ಟು ಹೊಸದನ್ನು ಶುರುಮಾಡಿಸುವ ಲಾಗ್‌ರೊಟೇಟ್ ಹಾಕಿ. ರೊಟೇಟ್ ಆದ ಮೇಲೆ ಹೊಸ ಫೈಲ್ ತೆರೆ ಅಂತ ಅಪ್ಲಿಕೇಶನ್‌ಗೆ ಸಿಗ್ನಲ್ ಹೋಗಬೇಕು. ಸಿಗ್ನಲ್ ಕೇಳಿಸಿಕೊಳ್ಳದ ಹಳೆಯ ಅಪ್ಲಿಕೇಶನ್ ಆದರೆ ಕಾಪಿಟ್ರಂಕೇಟ್ ಆಯ್ಕೆ ಇದೆ. ಅದರಲ್ಲಿ ನಕಲು ಮಾಡಿ ಖಾಲಿ ಮಾಡುವ ನಡುವಿನ ಕ್ಷಣದಲ್ಲಿ ಕೆಲವು ಸಾಲು ಕಳೆದುಹೋಗಬಹುದು. ಹಣದ ವ್ಯವಹಾರದ ಲಾಗ್ ಆಗಿದ್ದರೆ ಎರಡು ಸಲ ಯೋಚಿಸಿ. ಒಮ್ಮೆ ಇದನ್ನು ಮಾಡಿಬಿಟ್ಟರೆ ಆ ಫೋನ್ ಮತ್ತೆ ಬರುವುದಿಲ್ಲ.

ಅಂದಮೇಲೆ ಒಂಬತ್ತು ವರ್ಷ ಇದನ್ನು ಯಾರೂ ಯಾಕೆ ಮಾಡಲಿಲ್ಲ? ನಿಮ್ಮ ಟೀಮ್‌ನವರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಟಿಕೆಟ್ ಎಷ್ಟು ಬೇಗ ಕ್ಲೋಸ್ ಆಯಿತು ಅನ್ನುವುದನ್ನು ಕಂಪನಿ ಎಣಿಸುತ್ತದೆ. ಅದೇ ಟಿಕೆಟ್ ಎಷ್ಟು ಸಲ ಮರಳಿ ಬಂತು ಅನ್ನುವುದನ್ನು ಎಣಿಸುವುದಿಲ್ಲ. ಹನ್ನೆರಡು ನಿಮಿಷದಲ್ಲಿ ರೀಸ್ಟಾರ್ಟ್ ಮಾಡಿದವರಿಗೆ ಶಹಬ್ಬಾಸ್ ಸಿಗುತ್ತದೆ. ಬೇರು ಹುಡುಕುತ್ತ ಅರ್ಧ ದಿನ ಕೂತವರಿಗೆ "ಬೇರೆ ಟಿಕೆಟ್ ಏನಾಯಿತು?" ಅನ್ನುವ ಪ್ರಶ್ನೆ ಬರುತ್ತದೆ. ಇದು ನನಗೆ ನಿಜಕ್ಕೂ ಬೇಜಾರು ತರುವ ವಿಷಯ. ಒಳ್ಳೊಳ್ಳೆ ಹುಡುಗರು, ಹುಡುಗಿಯರು ವರ್ಷಗಟ್ಟಲೆ ಹೀಗೆ ಸವೆದುಹೋಗುವುದನ್ನು ನೋಡಿದ್ದೇನೆ. ಅವರ ತಪ್ಪು ಇದರಲ್ಲಿ ಏನೂ ಇಲ್ಲ.

ಹಾಗಾದರೆ ನೀವು ಮಾಡಬೇಕಾದ್ದು ಏನು? ಕಳೆದ ಮೂರು ತಿಂಗಳಲ್ಲಿ ರಾತ್ರಿ ಬಂದ ಎಲ್ಲ ಅಲರ್ಟ್‌ಗಳನ್ನು ಒಂದು ಎಕ್ಸೆಲ್ ಶೀಟ್‌ಗೆ ಇಳಿಸಿಕೊಳ್ಳಿ. ಪ್ರತಿಯೊಂದರ ಮುಂದೆ ಮೂರೇ ವಿಷಯ ಬರೆಯಿರಿ. ಏನು ಬಂತು, ನೀವು ಏನು ಮಾಡಿದಿರಿ, ಬೆಳಿಗ್ಗೆವರೆಗೆ ಬಿಟ್ಟಿದ್ದರೆ ಏನಾಗುತ್ತಿತ್ತು. ಮೂರನೆಯ ಕಾಲಂ ತುಂಬುವಾಗ ಪ್ರಾಮಾಣಿಕವಾಗಿರಿ. ನಾನು ನೋಡಿದ ಟೀಮ್‌ಗಳಲ್ಲೆಲ್ಲ ನಾಲ್ಕೈದು ಕಾರಣಗಳೇ ಬಹುಪಾಲು ಗಲಾಟೆ ಮಾಡುತ್ತಿರುತ್ತವೆ. ಇನ್ನು ಎಷ್ಟೋ ಅಲರ್ಟ್‌ಗಳಿಗೆ "ಏನೂ ಆಗುತ್ತಿರಲಿಲ್ಲ" ಅನ್ನುವುದೇ ಉತ್ತರ. ಮನುಷ್ಯ ಎದ್ದು ಏನೂ ಮಾಡಬೇಕಿಲ್ಲ ಅಂದರೆ ಆ ಅಲರ್ಟ್ ಮನುಷ್ಯನನ್ನು ಎಬ್ಬಿಸಬಾರದು. ಬೆಳಗಿನ ಟಿಕೆಟ್ ಆಗಲಿ, ಇಲ್ಲವೇ ತೆಗೆದೇ ಹಾಕಿ.

ಆ ಶೀಟ್ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋಗಿ. "ನನಗೆ ಸುಸ್ತಾಗುತ್ತಿದೆ" ಅಂದರೆ ಎಲ್ಲರಿಗೂ ಆಗುತ್ತೆ ಅನ್ನುವ ಉತ್ತರ ಬರುತ್ತದೆ. "ಈ ನಾಲ್ಕು ಕಾರಣ ತೆಗೆದರೆ ರಾತ್ರಿಯ ಫೋನ್ ಅರ್ಧಕ್ಕಿಂತ ಕಡಿಮೆ ಆಗುತ್ತೆ, ನನಗೆ ವಾರಕ್ಕೆ ಒಂದು ದಿನ ಕೊಡಿ" ಅಂತ ಶೀಟ್ ತೋರಿಸಿ ಹೇಳಿದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ಬೇಕಿದ್ದರೆ ಗೂಗಲ್‌ನ ಉದಾಹರಣೆ ಕೊಡಿ. ಅಲ್ಲಿ ಸಿಸ್ಟಮ್‌ಗಳು ನಿಲ್ಲದೆ ಓಡುವಂತೆ ನೋಡಿಕೊಳ್ಳುವ ಎಸ್‌ಆರ್‌ಇ ತಂಡಗಳಿಗೆ ಒಂದು ನಿಯಮ ಇದೆ. ಪದೇ ಪದೇ ಕೈಯಲ್ಲಿ ಮಾಡುವ ಕೆಲಸ ಒಟ್ಟು ಸಮಯದ ಅರ್ಧವನ್ನು ದಾಟಬಾರದು. ಹನ್ನೆರಡು ಗಂಟೆಯ ಆನ್‌ಕಾಲ್ ಶಿಫ್ಟ್‌ಗೆ ಎರಡಕ್ಕಿಂತ ಜಾಸ್ತಿ ಘಟನೆ ಬಂದರೆ ಅದನ್ನು ಹೊರೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಒಂದು ಘಟನೆಯನ್ನು ಬೇರುಸಮೇತ ನೋಡಿ ಬರೆದಿಡಲು ಗಂಟೆಗಟ್ಟಲೆ ಬೇಕು ಅನ್ನುವುದು ಅದರ ಹಿಂದಿನ ಲೆಕ್ಕ.

ಜೊತೆಗೆ ಇನ್ನೊಂದು ಕೇಳಿ. ರಾತ್ರಿ ಎದ್ದವರು ಮರುದಿನ ತಡವಾಗಿ ಬರಬಹುದು ಅನ್ನುವುದು ಬಾಯಿಮಾತಿನಲ್ಲಿ ಇರಬಾರದು, ಮೇಲ್‌ನಲ್ಲಿ ಬರಬೇಕು. ಶಿಫ್ಟ್ ವೇಳೆಯೂ ಹಾಗೇ. ಅಮೆರಿಕದ ಪೂರ್ವ ತೀರದಲ್ಲಿ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30. ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಅದೇ ಮೀಟಿಂಗ್ ನಮಗೆ 7.30 ಆಗುತ್ತದೆ. ಮಾರ್ಚ್‌ನ ಎರಡನೇ ಭಾನುವಾರದವರೆಗೆ ಹಾಗೇ. ರಾತ್ರಿ 11ಕ್ಕೆ ಮುಗಿಯಬೇಕಾದ್ದು 12 ಆಗುವುದು, ಕ್ಯಾಬ್‌ನಲ್ಲಿ ವಾಕಡ್ ಮುಟ್ಟುವಾಗ ಮನೆಯವರು ಮಲಗಿ ಎಷ್ಟೋ ಹೊತ್ತಾಗಿರುವುದು ಹೀಗೆ. ಆ ಒಂದು ಗಂಟೆಯನ್ನು ಯಾರೂ ಕೇಳದೆ ನಿಮ್ಮಿಂದ ತೆಗೆದುಕೊಳ್ಳುತ್ತಾರೆ. ಚಳಿಗಾಲಕ್ಕೆ ಶಿಫ್ಟ್ 3ಕ್ಕೆ ಶುರುವಾಗಲಿ ಅಂತ ಅಕ್ಟೋಬರ್‌ನಲ್ಲೇ ಹೇಳಿ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಅದನ್ನು ಮೀರಿದ ಕೆಲಸಕ್ಕೆ ಎರಡು ಪಟ್ಟು ಸಂಬಳ ಕೊಡಬೇಕು. ಕಾಯ್ದೆ ಹಿಡಿದು ಜಗಳಕ್ಕೆ ನಿಲ್ಲಿ ಅಂತ ಹೇಳುತ್ತಿಲ್ಲ. ಆದರೆ ನೀವು ಕೇಳುತ್ತಿರುವುದು ಯಾರ ದಯೆಯೂ ಅಲ್ಲ ಅನ್ನುವುದು ನಿಮಗೆ ಗೊತ್ತಿರಲಿ.

ಇನ್ನು ಎಐ. ಸುತ್ತುಬಳಸಿ ಹೇಳುವುದಿಲ್ಲ. ಅಲರ್ಟ್ ನೋಡು, ರನ್‌ಬುಕ್ ತೆಗೆ, ರೀಸ್ಟಾರ್ಟ್ ಮಾಡು, ಟಿಕೆಟ್ ಮುಚ್ಚು ಅನ್ನುವಷ್ಟೇ ಕೆಲಸ ಹೋಗುತ್ತದೆ. ಅದಕ್ಕೆ ಎಐ ಕೂಡ ಬೇಕಿರಲಿಲ್ಲ, ಒಂದು ಶೆಲ್ ಸ್ಕ್ರಿಪ್ಟ್ ಸಾಕಿತ್ತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಕಂಪನಿಗಳ ಕಣ್ಣು ಆ ಕಡೆ ಬಿತ್ತು. ನಾನು ದಿನವೂ ಇಂಥ ಟೂಲ್ ಬಳಸುತ್ತೇನೆ. ಉದ್ದದ ಲಾಗ್ ಓದಿಸಲು, ಸ್ಕ್ರಿಪ್ಟ್‌ನ ಮೊದಲ ಕರಡು ಬರೆಸಲು, ಯಾರೋ ಬರೆದಿಟ್ಟ ಎಸ್‌ಕ್ಯೂಎಲ್ ಬಿಡಿಸಿಕೊಳ್ಳಲು ಬಹಳ ಉಪಯೋಗ. ಕೆಲಸ ನಿಜಕ್ಕೂ ಹಗುರವಾಗಿದೆ.

ಆದರೆ ಮೇಲಿನ ಡಿಸ್ಕ್ ಕಥೆಗೇ ಬನ್ನಿ. "ಡಿಸ್ಕ್ ತುಂಬಿದೆ, ಜಾಗ ಮಾಡುವುದು ಹೇಗೆ?" ಅಂತ ಕೇಳಿದರೆ ಹಳೆಯ ಲಾಗ್‌ಗಳನ್ನು ಅಳಿಸಿ ಅನ್ನುವ ಸಲಹೆ ಬರುವುದೇ ಜಾಸ್ತಿ. ಅಪ್ಲಿಕೇಶನ್ ತೆರೆದಿಟ್ಟುಕೊಂಡಿರುವ ಲಾಗನ್ನೇ ಅಳಿಸಿದರೆ ಜಾಗ ಸಿಗುವುದಿಲ್ಲ, ತೊಂದರೆ ಇನ್ನೂ ಜಾಸ್ತಿ ಆಗುತ್ತದೆ. "ಡಿಎಫ್‌ಗೂ ಡಿಯುಗೂ ಲೆಕ್ಕ ತಾಳೆಯಾಗುತ್ತಿಲ್ಲ, ಯಾಕಿರಬಹುದು?" ಅಂತ ಕೇಳಿ ನೋಡಿ. ತೆರೆದಿರುವ, ಅಳಿಸಿದ ಫೈಲ್ ಇರಬಹುದು ಅಂತ ತಕ್ಷಣ ಹೇಳುತ್ತದೆ. ಎರಡನೆಯ ಪ್ರಶ್ನೆ ಹುಟ್ಟಬೇಕಾದರೆ ಯಾರೋ ಒಬ್ಬರು ಎರಡೂ ಲೆಕ್ಕ ನೋಡಿ "ಇದೇನಿದು?" ಅಂತ ನಿಂತಿರಬೇಕು, ಅಲ್ವಾ? ಆ ನಿಲ್ಲುವ ಬುದ್ಧಿಗೇ ಮುಂದೆ ಬೆಲೆ. ಒಳ್ಳೆಯ ವೈದ್ಯರು ಜ್ವರಕ್ಕೆ ಮಾತ್ರೆ ಕೊಟ್ಟು ಕಳಿಸದೆ ಜ್ವರ ಯಾಕೆ ಬಂತು ಅಂತ ನೋಡುತ್ತಾರಲ್ಲ, ಹಾಗೆ. ಅದು ಬೆಳೆಯಬೇಕಾದರೆ ಕೆಲಸದ ಹೊತ್ತಿನಲ್ಲೇ ಬಿಡುವು ಬೇಕು. ಅದಕ್ಕೇ ಆನ್‌ಕಾಲ್ ಮೊದಲು ಅಂದೆ.

ಒಂದು ಎಚ್ಚರಿಕೆ. ಕ್ಲೈಂಟ್‌ನ ಲಾಗ್‌ಗಳನ್ನು ಹೊರಗಿನ ಚಾಟ್ ಟೂಲ್‌ಗೆ ಹಾಗೇ ಅಂಟಿಸಬೇಡಿ. ಅದರಲ್ಲಿ ಜನರ ಹೆಸರು, ಫೋನ್ ನಂಬರ್, ಖಾತೆ ನಂಬರ್ ಇರುತ್ತವೆ. ನಮ್ಮಲ್ಲಿ ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇದೆ. ಅದರಲ್ಲಿ ಕಂಪನಿಗೆ ಬೀಳಬಹುದಾದ ದಂಡದ ಮಿತಿ 250 ಕೋಟಿ ರೂಪಾಯಿ. ಕ್ಲೈಂಟ್ ಜೊತೆಗಿನ ಒಪ್ಪಂದ ಬೇರೆ ಇರುತ್ತದೆ. ಕಂಪನಿ ಒಪ್ಪಿದ ಟೂಲ್ ಮಾತ್ರ ಬಳಸಿ. ಅದು ಕೊಟ್ಟ ಕಮಾಂಡನ್ನು ಮೊದಲು ಟೆಸ್ಟ್ ಸರ್ವರ್‌ನಲ್ಲಿ ಓಡಿಸಿ, ಇಲ್ಲದ ಆಯ್ಕೆಗಳನ್ನೂ ಅದು ಇದೆ ಅಂತ ಧೈರ್ಯವಾಗಿ ಹೇಳಿಬಿಡುತ್ತದೆ.

ಕೋರ್ಸ್ ವಿಷಯದಲ್ಲಿ ನನ್ನ ಉತ್ತರ: ಈಗ ಬೇಡ. ಎಐ ಕಲಿಯಬೇಡಿ ಅಂತಲ್ಲ. ಇಂಥ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ಪೈಥಾನ್, ಸ್ವಲ್ಪ ಸಂಖ್ಯಾಶಾಸ್ತ್ರ, ಒಂದಿಷ್ಟು ಮಾಡೆಲ್‌ಗಳ ಪರಿಚಯ, ಕೊನೆಗೆ ತಯಾರಿ ಡೇಟಾ ಇಟ್ಟುಕೊಂಡು ಒಂದು ಪ್ರಾಜೆಕ್ಟ್ ಇರುತ್ತದೆ. ಹೊಸಬರ ಜೊತೆ ಹೊಸಬರಾಗಿ ಸಾಲಿನ ಕೊನೆಗೆ ನಿಲ್ಲುತ್ತೀರಿ. ನಿಮ್ಮ ಒಂಬತ್ತು ವರ್ಷ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಬಾಂಡ್ ಬಗ್ಗೆಯೂ ಹುಷಾರು. "ಬಾಂಡ್ ಕೋರ್ಟ್‌ನಲ್ಲಿ ನಿಲ್ಲಲ್ಲ, ಸುಮ್ನೆ ಸಹಿ ಹಾಕು" ಅಂತ ಟಪರಿ ಮುಂದೆ ಚಹಾ ಕುಡಿಯುವಾಗ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ಸೇರಬಾರದು ಅನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಹಣ ಕಟ್ಟಬೇಕು ಅನ್ನುವುದು ಬೇರೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತನ್ನು ಎತ್ತಿಹಿಡಿದಿದೆ. ಅಲ್ಲಿ ಮೂರು ವರ್ಷದ ಸೇವೆ, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಅಂತ ಇತ್ತು. ಹಾಗಾಗಿ ನಿಮ್ಮ ಕಾಗದದಲ್ಲಿ ಏನು ಬರೆದಿದೆ ಅಂತ ಸಾಲು ಸಾಲಾಗಿ ಓದಿ. ಒಂದೂವರೆ ವರ್ಷ ಆದ ಮೇಲೆ ಬಿಟ್ಟರೂ ಪೂರ್ತಿ ಎರಡೂವರೆ ಲಕ್ಷವೋ, ಉಳಿದ ತಿಂಗಳಿನಷ್ಟೇ ಹಣವೋ? ಕಂಪನಿಯೇ ನಿಮ್ಮನ್ನು ತೆಗೆದರೆ ಏನು? ಊರಿಗೆ ಹೋಗುವ ಯೋಚನೆ ಇರುವವರು ಎರಡು ವರ್ಷಕ್ಕೆ ತಮ್ಮ ಕಾಲನ್ನು ತಾವೇ ಕಟ್ಟಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಅದರ ಬದಲು ನಿಮ್ಮ ಟೀಮ್‌ನಲ್ಲೇ ಒಂದು ಕೆಲಸ ಕಾಯುತ್ತಿದೆ. ನಿಮ್ಮ ಸರ್ವರ್‌ಗಳ ಟಿಎಲ್‌ಎಸ್ ಸರ್ಟಿಫಿಕೇಟ್, ಅಂದರೆ ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಗುರುತು, ಯಾರು ನವೀಕರಿಸುತ್ತಾರೆ? ಬಹಳ ಕಡೆ ಯಾರೋ ಒಬ್ಬರು ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಇಟ್ಟುಕೊಂಡು ವರ್ಷಕ್ಕೊಮ್ಮೆ ಕೈಯಲ್ಲೇ ಹಾಕುತ್ತಾರೆ. ಅವರು ರಜೆಯಲ್ಲಿದ್ದಾಗ ಅವಧಿ ಮುಗಿದು ಸೈಟ್ ಬಿದ್ದುಹೋಗುತ್ತದೆ. ಇನ್ನು ಮುಂದೆ ಹೀಗೆ ಕೈಯಲ್ಲೇ ಹಾಕುತ್ತ ನಿಭಾಯಿಸಲು ಆಗುವುದೇ ಇಲ್ಲ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 398 ದಿನ ಇತ್ತು. 2026ರ ಮಾರ್ಚ್ 15ರಿಂದ ಅದು 200 ದಿನ. 2027ರ ಮಾರ್ಚ್ 15ರಿಂದ 100 ದಿನ. 2029ರ ಮಾರ್ಚ್ 15ರಿಂದ 47 ದಿನ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೂ ಕೂತು 2025ರಲ್ಲೇ ಇದನ್ನು ತೀರ್ಮಾನಿಸಿವೆ. ನೂರು ಸರ್ವರ್ ಇರುವ ಟೀಮ್ ಕೈಯಲ್ಲಿ ಮಾಡುತ್ತ ಕೂತರೆ ವರ್ಷವಿಡೀ ಅದೇ ಕೆಲಸ. ಇದನ್ನು ಆಟೊಮೇಟ್ ಮಾಡುವ ಜವಾಬ್ದಾರಿ ಕೇಳಿ ತೆಗೆದುಕೊಳ್ಳಿ. ಮಾಡುತ್ತ ಹೋದಂತೆ ಡಿಎನ್‌ಎಸ್, ಲೋಡ್ ಬ್ಯಾಲೆನ್ಸರ್, ಕೀಗಳನ್ನು ಜೋಪಾನ ಮಾಡುವ ರೀತಿ, ಹಲವು ಸರ್ವರ್‌ಗಳಿಗೆ ಒಟ್ಟಿಗೆ ಕೆಲಸ ಹೇಳುವ ಆನ್ಸಿಬಲ್ ಅಥವಾ ನಿಮ್ಮಲ್ಲಿರುವ ಅಂಥದೇ ಟೂಲ್, ಎಲ್ಲ ಕಲಿಯಲೇಬೇಕಾಗುತ್ತದೆ. ಸ್ಕ್ರಿಪ್ಟ್ ಬರೆಯಲು ಎಐ ನೆರವೂ ಸಿಗುತ್ತದೆ. ನಾಳೆ ಇಂಟರ್‌ವ್ಯೂನಲ್ಲಿ ಇದನ್ನು ಅರ್ಧ ಗಂಟೆ ವಿವರಿಸಿದರೆ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ.

ಕಲಿತದ್ದನ್ನು ಯಾರಿಗಾದರೂ ಹೇಳುವ ರೂಢಿ ಮಾಡಿಕೊಳ್ಳಿ. ಹಿಂಜವಡಿ ತುಂಬ ನಮ್ಮವರೇ ಇದ್ದಾರೆ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು ವಾಕಡ್, ಪಿಂಪಳೆ ಸೌದಾಗರ್‌ಗಳಲ್ಲಿ ಪ್ರತಿ ಸೊಸೈಟಿಯಲ್ಲೂ ಸಿಗುತ್ತಾರೆ. ಶನಿವಾರ ಸಂಜೆ ನಾಲ್ಕು ಜನ ಸೇರಿ. ಒಬ್ಬರು ಆ ತಿಂಗಳಲ್ಲಿ ಮುರಿದುಬಿದ್ದ ಒಂದು ಸಂಗತಿಯನ್ನು, ಕ್ಲೈಂಟ್ ಹೆಸರು ಬಿಟ್ಟು, ನಮ್ಮ ಕನ್ನಡದಲ್ಲಿ ಮೊದಲಿಂದ ಕೊನೆತನಕ ಹೇಳಲಿ. ಉಳಿದವರು "ಯಾಕೆ?" ಅಂತ ಕೇಳುತ್ತಿರಲಿ. ಮೀಟಿಂಗ್‌ನಲ್ಲಿ "ಇಶ್ಯೂ ರಿಸಾಲ್ವ್ ಆಯಿತು" ಅಂತ ಮುಗಿಸಿಬಿಡಬಹುದು. ಗೆಳೆಯರ ಮುಂದೆ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಎಲ್ಲಿ ಗೊತ್ತಿಲ್ಲವೋ ಅಲ್ಲೇ ಮಾತು ನಿಲ್ಲುತ್ತದೆ. ಆ ಜಾಗವೇ ಮುಂದಿನ ವಾರದ ಓದು.

ಲೀಡ್ ಹುದ್ದೆ ಬಗ್ಗೆ ಒಂದೇ ಪ್ರಶ್ನೆ ಕೇಳಿ. ಆನ್‌ಕಾಲ್ ಪಟ್ಟಿ, ಅಲರ್ಟ್‌ಗಳ ಮಿತಿ, ಯಾವ ದುರಸ್ತಿ ಮೊದಲು ಅನ್ನುವ ತೀರ್ಮಾನ ನಿಮ್ಮ ಕೈಗೆ ಬರುತ್ತದೆಯೇ? ಬರುವುದಾದರೆ ಖಂಡಿತ ಒಪ್ಪಿಕೊಳ್ಳಿ. ನಿಮ್ಮ ಟೀಮ್‌ನ ಇನ್ನಷ್ಟು ಜನರ ನಿದ್ದೆ ಉಳಿಸಬಹುದು, ಅದು ಬಹಳ ಒಳ್ಳೆಯ ಕೆಲಸ. ಬರೀ ರಿಪೋರ್ಟ್ ಕಳಿಸುವುದು, ಎಸ್ಕಲೇಶನ್ ಬಂದಾಗ ಕ್ಲೈಂಟ್ ಕೈಲಿ ಬೈಸಿಕೊಳ್ಳುವುದು ಅಷ್ಟೇ ಆದರೆ ಬೇಡ. ಮೇಲೆ ಹೇಳಿದ 2017ರ ಕಾಯ್ದೆಯ ಗಂಟೆಗಳ ರಕ್ಷಣೆ ಮ್ಯಾನೇಜರ್, ಸೂಪರ್‌ವೈಸರ್ ಹುದ್ದೆಯವರಿಗೆ ಅನ್ವಯಿಸುವುದಿಲ್ಲ ಅನ್ನುವುದೂ ತಲೆಯಲ್ಲಿರಲಿ. ಕಂಪನಿ ಅಂಥ ಹುದ್ದೆಗಳ ಪಟ್ಟಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು ಅಂತ ಕಾಯ್ದೆಯಲ್ಲೇ ಇದೆ. ಒಪ್ಪುವ ಮುಂಚೆ ನೋಡಿಕೊಳ್ಳಿ.

ಊರಿನ ವಿಷಯ ನಿಮ್ಮ ಮನೆಯವರು ಎತ್ತಿದ್ದು ಸರಿಯಾಗೇ ಇದೆ. ಅಪ್ಪ, ಅವ್ವ ಇಬ್ಬರೇ ಇರುವಾಗ ಅದನ್ನು ಮುಂದೂಡುತ್ತಲೇ ಇರುವುದು ಸಾಧ್ಯವಿಲ್ಲ. ಆದರೆ ಓಡಿಹೋಗುವಂತೆ ಹೋಗಬೇಡಿ. ನಿದ್ದೆಗೆಟ್ಟ ವಾರದಲ್ಲಿ ತೆಗೆದುಕೊಂಡ ತೀರ್ಮಾನದಲ್ಲಿ, ಊರು ಬೇಕು ಅನ್ನಿಸಿತೋ ಈ ಕೆಲಸ ಸಾಕು ಅನ್ನಿಸಿತೋ ಬೇರೆ ಮಾಡಿ ನೋಡುವುದು ಕಷ್ಟ. ನಿಮ್ಮದು ಸರ್ವರ್ ಕೆಲಸ, ಎಲ್ಲಿ ಕೂತರೂ ಆಗುತ್ತದೆ. ಅಲರ್ಟ್‌ಗಳು ಇಳಿದ ಮೇಲೆ ತಿಂಗಳಿಗೆ ಒಂದು ವಾರ ಊರಿಂದ ಮಾಡುತ್ತೇನೆ ಅಂತ ಕೇಳುವುದು ಸುಲಭ, ಯಾಕೆಂದರೆ ಆ ಶೀಟ್‌ನಲ್ಲಿ ನಿಮ್ಮ ಕೆಲಸ ಕಾಣುತ್ತಿರುತ್ತದೆ. ಆನ್‌ಕಾಲ್ ಇಲ್ಲದ ವಾರವನ್ನೇ ಆರಿಸಿಕೊಳ್ಳಿ. ಹಳ್ಳಿಯಲ್ಲಿ ಕರೆಂಟ್, ನೆಟ್ ಎರಡಕ್ಕೂ ಬದಲಿ ವ್ಯವಸ್ಥೆ ಮಾಡಿಕೊಂಡೇ ಹೋಗಿ. 2024ರ ಸೆಪ್ಟೆಂಬರ್‌ನಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಧಾರವಾಡದ ಮೇಲೇ ಓಡುತ್ತಿದೆ, ಅದು ನಿಮಗೆ ಅನುಕೂಲ. ಹೀಗೆ ಒಂದಷ್ಟು ತಿಂಗಳು ನಡೆದರೆ ಹುಬ್ಬಳ್ಳಿಯಲ್ಲಿ ಮನೆ ಮಾಡಬೇಕೋ, ಹಳ್ಳಿಯಿಂದಲೇ ಆಗುತ್ತೋ ನಿಮಗೇ ಗೊತ್ತಾಗುತ್ತದೆ. ಸಂಬಳ ಕಡಿಮೆಯಾದರೆ ಎಷ್ಟರವರೆಗೆ ನಡೆಯುತ್ತದೆ ಅಂತ ಇಬ್ಬರೂ ಕೂತು ವಾಕಡ್‌ನ ಬಾಡಿಗೆ ಕಳೆದು ಲೆಕ್ಕ ಹಾಕಿ. ಮಕ್ಕಳಿದ್ದು ಶಾಲೆಗೆ ಹೋಗುತ್ತಿದ್ದರೆ ಜೂನ್‌ಗೆ ಮುಂಚೆ ತೀರ್ಮಾನ ಆಗಬೇಕು.

ಕೋರ್ಸ್‌ಗೆ ಹೂಂ ಅನ್ನಲು ಎಚ್‌ಆರ್ ಗಡುವು ಕೊಟ್ಟಿದ್ದರೆ, ಮುಂದಿನ ಬ್ಯಾಚ್‌ಗೆ ಹೆಸರು ಇಡಬಹುದೇ ಅಂತ ಮೇಲ್ ಮಾಡಿ ಕೇಳಿ. ಆನ್‌ಕಾಲ್ ಶೀಟ್‌ಗೆ ಈ ಶನಿವಾರವೇ ಕೈ ಹಾಕಿ. ಟಿಕೆಟ್ ಟೂಲ್‌ನಿಂದ ಮೂರು ತಿಂಗಳ ಪಟ್ಟಿ ಸಿಗದಿದ್ದರೆ ನಿಮ್ಮ ಫೋನ್‌ನ ಕಾಲ್ ಲಾಗ್‌ನಿಂದಲೇ ಶುರು ಮಾಡಬಹುದು.